ಆರನೆಯ ಸಾಲು

ಯೆರೂಸಲೇಮ್
12 ಆಗಸ್ಟ್ 1979

ತಮ್ಮಾ ಅಮ್ರಾಮ,

ಮೊದಲು ನಕ್ಕು ಮುಗಿಸಿಬಿಡು, ಆಮೇಲೆ ಓದು. ನಿನ್ನ ಅಕ್ಕ ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲ ಮೇಲೆ ಪ್ರಾರ್ಥನೆಯ ಪುಸ್ತಕಗಳನ್ನು ಎದೆಗವಚಿಕೊಂಡು ಬಿದ್ದಳು. ಪುಸ್ತಕ ಒಂದೂ ನೆಲಕ್ಕೆ ತಾಗಲಿಲ್ಲ, ಕಾಲು ಮಾತ್ರ ಮುರಿಯಿತು. ತೊಡೆಯವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ಹಬ್ಬಗಳು ಮುಗಿಯುವವರೆಗೆ ಬಸ್ಸು ಹತ್ತುವ ಮಾತೇ ಇಲ್ಲವಂತೆ. ಅಮ್ಮನಿಗೆ ಮೆಲ್ಲಗೆ ಹೇಳು. ಬಿದ್ದಿದ್ದನ್ನು ಹೇಳು, ಪ್ಲಾಸ್ಟರಿನ ಉದ್ದ ಹೇಳಬೇಡ.

ನನಗೆ ಸಂಕಟವಾಗುತ್ತಿರುವುದು ಕಾಲಿನಿಂದಲ್ಲ. ಅಪ್ಪ ಹೋದ ಮೇಲೆ ಬರುವ ಮೊದಲ ಯೋಮ್ ಕಿಪ್ಪುರ್ ಇದು, ಪಾಪಗಳಿಗೆ ಕ್ಷಮೆ ಬೇಡುವ ದಿನ. ಅಪ್ಪನ ಜಾಗದಲ್ಲಿ ನಿಂತು ಉಪವಾಸದ ದಿನದ ಪ್ರಾರ್ಥನೆಯನ್ನು ನೀನು ನಡೆಸುತ್ತೀಯ, ನಾನು ಹೆಂಗಸರ ಪರದೆಯ ಹಿಂದೆ ಇರುವುದಿಲ್ಲ. ಸಂಜೆ ಸ್ವರ್ಗದ ಬಾಗಿಲು ಮುಚ್ಚುವ ಹೊತ್ತಿಗೆ ನೀನು ಬಾಗಿಲ ಹಾಡು ಎತ್ತಿಕೊಂಡಾಗ ನಾನು ಇಲ್ಲಿ ಗೋಡೆ ನೋಡುತ್ತಾ ಮಲಗಿರುತ್ತೇನೆ.

ಆ ಹಾಡಿನ ವಿಷಯಕ್ಕೇ ಬಂದೆ. ನನ್ನ ಪ್ರಬಂಧದಲ್ಲಿ ಈಗ ಅದರದೇ ಅಧ್ಯಾಯ. ಪ್ರೊಫೆಸರ್ ಲಿಫ್ಶಿಟ್ಸ್ ಅವರಿಗೆ ಹೇಳಿದೆ: ನಮ್ಮ ತಾತ ಮಸೂದ್ ಅಟ್ಲಾಸ್ ಬೆಟ್ಟದ ಹಳ್ಳಿಯಲ್ಲಿ ಕಟ್ಟಿದ ಹಾಡು ಇದು, ಇನ್ನೂ ಅಚ್ಚಾಗಿಲ್ಲ, ನಮ್ಮ ಮನೆಯವರ ಬಾಯಲ್ಲೇ ಉಳಿದಿದೆ ಅಂತ. ಅವರ ಕಣ್ಣು ಅರಳಿತು. ಆದರೆ ಅಲ್ಲಿಂದ ಈ ದೇಶಕ್ಕೆ ಬರುವಾಗ ಕಡೆಯ ಚರಣ ಹಡಗಿನಲ್ಲಿ ಕಳೆದುಹೋಯಿತು, ತಾತನೂ ದಾರಿಯಲ್ಲೇ ತೀರಿಕೊಂಡರು, ಅಪ್ಪನಿಗೆ ಎಷ್ಟು ತಿಣುಕಿದರೂ ಅದು ನೆನಪಾಗಲಿಲ್ಲ, ಕೊನೆಗೆ ಹದಿನಾರು ವರ್ಷದ ನಾನು ಕೂತು ಹೊಸದಾಗಿ ಕಟ್ಟಿದೆ ಎಂಬುದನ್ನು ಇನ್ನೂ ಹೇಳಿಲ್ಲ. ಮೊದಲು ಹಾಡು ಕೇಳಲಿ. ಹಾಡು ಮೆಚ್ಚಿದ ಮೇಲೆ ಹೆಸರು ಹೇಳುವುದರಲ್ಲಿ ಬೇರೆಯೇ ರುಚಿ ಇದೆ.

ನೆನಪಿದೆಯಾ? ಪ್ರತಿ ಸಾಲಿನ ಮೊದಲ ಹೀಬ್ರೂ ಅಕ್ಷರ ಕೂಡಿಸಿದರೆ ಕಟ್ಟಿದವರ ಹೆಸರು ಬರಬೇಕು, ಅದೇ ಹಳಬರ ರುಜು. ಅಪ್ಪ ಬೆರಳು ಮಡಿಸಿ ಎಣಿಸಿ ನಕ್ಕಿದ್ದರು. "ಐದು ಅಕ್ಷರ, ಐದು ಸಾಲಿಗೆ ಮಸೂದ್ ಆಯ್ತು, ತಾತಂದು. ಇನ್ನೊಂದಕ್ಷರ ‘ಹೆ’ ಹಾಕಿ ಆರನೇದು ಬರೀ, ಮಸೂದಾ ಆಗ್ತೀಯ. ತಾತನ ಹೆಸರು ಹೊತ್ತವಳು ನೀನೇ ಅಲ್ವೇನೇ?" ಆಗ ನೀನು ಎದುರಿಗೆ ಕೂತು ಆಲಿವ್ ಕಾಯಿಯ ಬೀಜ ಉಗಿಯುತ್ತಿದ್ದೆ.

ಪವಿತ್ರ ದಿನ ಮೆಷಿನ್ ಮುಟ್ಟುವಂತಿಲ್ಲವಲ್ಲ, ನಿನಗೆ ಬಿಡುವಾದಾಗ ವಾರದ ದಿನ ಕ್ಯಾಸೆಟ್ಟಿನಲ್ಲಿ ಪೂರ್ತಿ ಹಾಡಿ ಕಳಿಸು. ಗಂಟಲಿಗೆ ಬಿಸಿ ನೀರು ಕುಡಿ.

ನಿನ್ನ ಅಕ್ಕ
ಮಸೂದಾ

—

ನೆವೆ ಸೀರಾ
30 ಆಗಸ್ಟ್ 1979

ಅಕ್ಕಾ,

ನಕ್ಕೆ. ಆಮೇಲೆ ಫ್ರೇಹಾಗೆ ಓದಿ ಹೇಳಿದೆ. ಅವಳು ನಗಲಿಲ್ಲ, ಗಂಡನನ್ನೇ ಬೈದಳು. "ಅತ್ತಿಗೆಗೆ ಕಾಲು ಮುರಿದ್ರೆ ಹಲ್ಲು ಕಿರೀತೀರಲ್ಲ, ನಾಚಿಕೆ ಆಗಲ್ವಾ?" ಅಂತ. ಅಮ್ಮ ಮಾತ್ರ ಪ್ಲಾಸ್ಟರಿನ ಉದ್ದ ಕೇಳಿಯೇ ಬಿಟ್ಟಳು. ಮೊಣಕಾಲವರೆಗೆ ಎಂದಿದ್ದೇನೆ.

ಕ್ಯಾಸೆಟ್ ಇದರ ಜೊತೆಗಿದೆ. ಅಡುಗೆಮನೆಯಲ್ಲಿ ಹಾಡಿದ್ದು. ನಡುವೆ ಗೊರಗೊರ ಎನ್ನುವುದು ಫ್ರಿಡ್ಜು, ನನ್ನ ಎದೆಯಲ್ಲ. ಕಡೆಯ ಚರಣದ ಆರು ಸಾಲೂ ಇದೆ, ಎಣಿಸಿಕೋ. ಅಭ್ಯಾಸಕ್ಕೆ ಹಾಡುವಾಗ ದೇವರ ಹೆಸರನ್ನು ನಿಜವಾಗಿ ಉಚ್ಚರಿಸಬಾರದಲ್ಲ, ಹಾಗಾಗಿ ಆ ಜಾಗ ಬಂದಲ್ಲೆಲ್ಲ ‘ಹಷೇಮ್’ ಎಂದೇ ಹಾಡಿದ್ದೇನೆ. ನಿನ್ನ ಪ್ರೊಫೆಸರಿಗೆ ಈ ಪದ್ಧತಿ ಗೊತ್ತಿರಬಹುದು. ಇಲ್ಲದಿದ್ದರೆ ನಮ್ಮ ತಾತ ಛಂದಸ್ಸು ತಪ್ಪಿದ್ದಾರೆ ಎಂದು ಬರೆದುಬಿಟ್ಟಾರು.

ಇಲ್ಲಿ ಸಭಾಮಂದಿರದಲ್ಲಿ ರಾಜಕೀಯ ಜೋರು. ಹಬ್ಬಗಳು ಮುಗಿದ ಮೇಲೆ ಅಪ್ಪನ ಜಾಗ ನನಗೆ ಕಾಯಂ ಮಾಡಬೇಕೋ ಬೇಡವೋ ಎಂದು ಹಿರಿಯರು ನಿರ್ಧರಿಸುತ್ತಾರಂತೆ. ಒಹಾಯೋನ್ ಯಜಮಾನರಿಗೆ ತಮ್ಮ ಅಳಿಯನನ್ನು ನಿಲ್ಲಿಸುವ ಆಸೆ. ಆ ಅಳಿಯ ಹಾಡಿದರೆ ಪಾಪಗಳಲ್ಲ, ಜನರೇ ಎದ್ದು ಹೋಗುತ್ತಾರೆ. ಆದರೂ ಅಳಿಯ ಅಳಿಯನೇ. ಈ ಉಪವಾಸದ ದಿನ ನಾನು ಎಡವಬಾರದು ಅಕ್ಕ. ಅಪ್ಪ ಹೋದ ಮೇಲೆ ನನಗೆ ಇರುವುದು ಆ ಒಂದೇ ಜಾಗ.

ನಿನ್ನ
ಅಮ್ರಾಮ

—

ಯೆರೂಸಲೇಮ್
10 ಸೆಪ್ಟೆಂಬರ್ 1979

ತಮ್ಮಾ,

ಕ್ಯಾಸೆಟ್ ಬಂತು. ಮೂರು ಸಲ ಕೇಳಿ ಅತ್ತೆ. ಪ್ರೊಫೆಸರ್ ಒಂದು ಸಲ ಕೇಳಿ ಗಡ್ಡ ಕೆರೆದುಕೊಂಡರು. "ಕಂಠ ಚೆನ್ನಾಗಿದೆ. ಆದ್ರೆ ಇದು ಪ್ರಾರ್ಥನೆ ಅಲ್ಲಮ್ಮ, ಪಾಠ ಒಪ್ಪಿಸಿದ ಹಾಗಿದೆ. ಜನ ಇಲ್ಲ, ಹಸಿವಿಲ್ಲ, ಅಳು ಇಲ್ಲ" ಎಂದರು. ನನಗೆ ಸಿಟ್ಟು ಬಂತು, ಆದರೂ ಅವರು ಹೇಳಿದ್ದು ಸುಳ್ಳಲ್ಲ. ನೀನು ನಿಜಕ್ಕೂ ಹಾಡುವುದು ದಿನವಿಡೀ ಉಪವಾಸವಿದ್ದು ಗಂಟಲು ಒಡೆದ ಮೇಲೆ.

ಒಂದು ಕೆಲಸ ಆಗಬೇಕು. ನನ್ನ ಸಹಪಾಠಿ ಎಲ್ಹನಾನ್ ಫ್ರಿಶ್ ನಮ್ಮವರ ಉಪವಾಸದ ದಿನ ನೋಡಬೇಕೆನ್ನುತ್ತಾನೆ. ಪೋಲೆಂಡಿನಿಂದ ಬಂದವರ ಮನೆಯ ಹುಡುಗ. ಅವರ ಕಡೆ ಪ್ರಾರ್ಥನೆ ಎಂದರೆ ಗೊಣಗುವುದು, ಪಾಪ. ಒಂದೆರಡು ದಿನ ಮನೆಯಲ್ಲಿ ಇಟ್ಟುಕೊಳ್ಳುತ್ತೀಯಾ? ನನ್ನ ಬದಲಿಗೆ ಬಂದ ಎಂದುಕೋ. ಬಂದು ಕೂತು ಕೇಳಿ ಹೋಗುತ್ತಾನೆ, ಅಷ್ಟೇ.

ಮಸೂದಾ

—

ನೆವೆ ಸೀರಾ
20 ಸೆಪ್ಟೆಂಬರ್ 1979

ಅಕ್ಕಾ,

ಹೊಸ ವರ್ಷ ನಿನಗೂ ನಿನ್ನ ಕಾಲಿಗೂ ಸಿಹಿಯಾಗಿರಲಿ. ನಿನ್ನ ಎಲ್ಹನಾನ್ ಬರಲಿ, ನನ್ನ ಹಾಸಿಗೆಯನ್ನೇ ಕೊಡುತ್ತೇನೆ. ಪ್ರೊಫೆಸರ್ ಮಾತು ನನಗೇನೂ ಚುಚ್ಚಲಿಲ್ಲ. (ಚುಚ್ಚಿತು.)

ಒಹಾಯೋನ್ ಯಜಮಾನರು ಮೊನ್ನೆ ಮನೆಗೆ ಬಂದಿದ್ದರು. ಹಾಡುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸೋಣ ಎನ್ನುತ್ತಿದ್ದರು. ಬಾಗಿಲ ಹಾಡನ್ನು ಬರೆದುಕೊಟ್ಟೆ. ಅಕ್ಷರಗಳ ಮೇಲೆ ಬೆರಳಿಟ್ಟು ಎಣಿಸುತ್ತಾ ತುಂಬ ಹೊತ್ತು ಕೂತಿದ್ದರು. ಏನೋ ಕೇಳಿದರು, ನಾನೂ ಏನೋ ಹೇಳಿ ಕಳಿಸಿದೆ. ಎಲ್ಲ ಸರಿಹೋಗುತ್ತದೆ. ನೀನು ತಲೆ ಕೆಡಿಸಿಕೊಳ್ಳಬೇಡ.

ಅಮ್ರಾಮ

—

ನೆವೆ ಸೀರಾ
4 ಅಕ್ಟೋಬರ್ 1979

ಅಕ್ಕಾ, ಅಕ್ಕಾ,

ಗೆದ್ದೆ! ಧ್ವನಿ ಹೋಗಿದೆ, ಆದ್ದರಿಂದ ಕೈಯಲ್ಲಿ ಕೂಗುತ್ತಿದ್ದೇನೆ. ಬೆಳಗಿನ ಪ್ರಾರ್ಥನೆಯಲ್ಲಿ ಒಮ್ಮೆ ತಡವರಿಸಿದೆ. ಆದರೆ ಬಿಸಿಲು ಕಿಟಕಿಯಿಂದ ಕೆಳಗಿಳಿದು ಬಾಗಿಲ ಹಾಡು ಶುರುವಾದಾಗ ನನ್ನೊಳಗೆ ಅಪ್ಪ ಬಂದರು. ಸುಳ್ಳಲ್ಲ, ಅಪ್ಪನೇ. ಗಂಡಸರು ಪ್ರಾರ್ಥನೆಯ ಶಾಲು ಮುಖಕ್ಕೆ ಎಳೆದುಕೊಂಡು ಅತ್ತರು. ಒಹಾಯೋನ್ ಯಜಮಾನರ ಅಳಿಯನೂ ಅತ್ತ. ಯಾವ ಕಾರಣಕ್ಕೋ ಕೇಳಬೇಡ.

ಉಪವಾಸ ಬಿಟ್ಟು ಸೂಪು ಕುಡಿಯುತ್ತಿರುವಾಗಲೇ ಯಜಮಾನರು ಬೆನ್ನು ತಟ್ಟಿ "ಜಾಗ ನಿಂದೇ ಕಣಯ್ಯ, ಅಪ್ಪನ ಮಗ ನೀನು" ಎಂದರು. ಅಮ್ಮ ನಾಲಿಗೆ ಹೊರಳಿಸಿ ಕೇಕೆ ಹಾಕಿದ್ದು ಮುಂದಿನ ಬೀದಿಗೂ ಕೇಳಿತು.

ನಿನ್ನ ಎಲ್ಹನಾನ್ ಒಳ್ಳೆಯ ಹುಡುಗ. ಖಾರ ತಿನ್ನಲಾರ, ಬೆವರುತ್ತಾನೆ. ಆದರೆ ಎಂಥ ಭಕ್ತಿ ಅಂತೀಯ! ಶಾಲು ಇಡುವ ಚೀಲವನ್ನು ಬೆಳಗಿನಿಂದ ಸಂಜೆಯವರೆಗೂ ತೊಡೆಯ ಮೇಲಿಂದ ಕೆಳಗಿಡಲಿಲ್ಲ. ನನ್ನ ಹತ್ತಿರವೇ ಕೂರಿಸಿಕೊಂಡಿದ್ದೆ.

ಆರನೆಯ ಸಾಲು ಹಾಡುವಾಗ ಪರದೆಯ ಕಡೆ ನೋಡಿದೆ. ನೀನಿಲ್ಲ ಎಂದು ಕಣ್ಣು ತುಂಬಿತು.

ನಿನ್ನ ತಮ್ಮ, ಕಾಯಂ ಆದವನು,
ಅಮ್ರಾಮ

—

ಯೆರೂಸಲೇಮ್
28 ಅಕ್ಟೋಬರ್ 1979

ಅಮ್ರಾಮ,

ಅಭಿನಂದನೆ. ಅಮ್ಮನಿಗೆ ಸಂತೋಷವಾಗಿರಬೇಕು.

ಪ್ಲಾಸ್ಟರ್ ತೆಗೆದಿದ್ದಾರೆ. ಕಾಲು ಸೊರಗಿದೆ.

ಒಂದು ಕೇಳುತ್ತೇನೆ, ಯೋಚಿಸಿ ಬರೆ. ಆ ಸಂಜೆ ಆರು ಸಾಲನ್ನೂ ಹಾಡಿದೆಯಾ? ಇನ್ನೊಮ್ಮೆ ಹೇಳು. ನೀನು ಏನು ಹೇಳಿದರೂ ಅದನ್ನೇ ನಂಬುತ್ತೇನೆ.

ಮಸೂದಾ

—

ನೆವೆ ಸೀರಾ
11 ನವೆಂಬರ್ 1979

ಅಕ್ಕಾ,

ಇದೆಂಥ ಪ್ರಶ್ನೆ? ಕಾಗದ ಓದಿ ಫ್ರೇಹಾ ಕೂಡ "ಅತ್ತಿಗೆಗೆ ಕಾಲಿನ ಜೊತೆ ಮನಸ್ಸೂ ಸೊರಗಿದೆ" ಎಂದಳು. ನಿನ್ನ ಕಾಗದಗಳು ಇಷ್ಟು ಗಿಡ್ಡ ಆಗಿದ್ದೇಕೆ? ಒಂಟಿಯಾಗಿ ಮಲಗಿದ್ದು ಸಾಕು, ಒಂದು ವಾರ ಬಂದು ಅಮ್ಮನ ಕೈಯ ಊಟ ಮಾಡು.

ಹೌದು, ಆರೂ ಹಾಡಿದೆ. ಕಡೆಯ ಸಾಲನ್ನು ಅಪ್ಪನ ಹಾಗೆ ಎರಡು ಸಲ ಹಾಡಿದೆ. ಬೇಕಾದರೆ ನಿನ್ನ ಎಲ್ಹನಾನನನ್ನೇ ಕೇಳು.

ಅಮ್ರಾಮ

—

ನೆವೆ ಸೀರಾ
19 ಡಿಸೆಂಬರ್ 1979

ಮಸೂದಾ,

ಭಾನುವಾರ ಸಂಜೆ ರೇಡಿಯೊದಲ್ಲಿ ನಿನ್ನ ಪ್ರೊಫೆಸರ್ ನಮ್ಮ ಹಾಡಿನ ಬಗ್ಗೆ ಮಾತಾಡುತ್ತಾರೆ ಎಂದು ಅಮ್ಮನಿಗೆ ಚೀಟಿ ಕಳಿಸಿದವಳು ನೀನು. ನನಗಲ್ಲ, ಅಮ್ಮನಿಗೆ. ಅವಳು ಬೀದಿಯನ್ನೆಲ್ಲ ಕರೆದಳು. ದೀಪಗಳ ಹಬ್ಬವಾದ್ದರಿಂದ ಫ್ರೇಹಾ ಸ್ಫೆಂಜ್ ವಡೆ ಕರಿಯುತ್ತಿದ್ದಳು. ಒಹಾಯೋನ್ ಯಜಮಾನರಿಗೆ ಒಳ್ಳೆಯ ಕುರ್ಚಿ ಹಾಕಿಸಿದ್ದೆ. ಅಡುಗೆಮನೆಯ ಕ್ಯಾಸೆಟ್ ಹಾಕುತ್ತಾರೆ ಎಂದುಕೊಂಡು "ಈಗ ನಮ್ಮ ಫ್ರಿಡ್ಜೂ ಹಾಡುತ್ತೆ, ಕೇಳಿ" ಎಂದು ಎಲ್ಲರನ್ನೂ ನಗಿಸಿದೆ.

ಫ್ರಿಡ್ಜು ಹಾಡಲಿಲ್ಲ. ಮೊದಲ ಸಾಲಿನಲ್ಲೇ ನನ್ನ ಬಾಯಿಂದ ದೇವರ ಹೆಸರು ಬಂತು. ‘ಹಷೇಮ್’ ಅಲ್ಲ. ನಿಜವಾದ ಹೆಸರು, ಪೂರ್ತಿಯಾಗಿ, ಹಸಿದ ಗಂಟಲಿನಲ್ಲಿ. ಅಭ್ಯಾಸದಲ್ಲಿ ಆ ಹೆಸರನ್ನು ನಾನು ಎತ್ತಿದವನಲ್ಲ, ಅಲ್ಲಿದ್ದವರಿಗೆಲ್ಲ ಅದು ಗೊತ್ತು. ಹಿಂದೆ ಜನರ ಅಳು ಬೇರೆ. ಇದು ಯಾವತ್ತಿನದು ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ಯಜಮಾನರು ಎದ್ದರು. "ಯೋಮ್ ಕಿಪ್ಪುರ್ ದಿನ ಮೆಷಿನ್ ಇಟ್ಕೊಂಡು ಹಾಡಿದ್ಯಾ? ನಮ್ಮೆಲ್ಲರ ಕಣ್ಣೀರನ್ನ ರೇಡಿಯೊಗೆ ಕೊಟ್ಯಾ? ನಿನ್ನ ಪಕ್ಕದಲ್ಲೇ ಕೂರಿಸ್ಕೊಂಡಿದ್ದೆಯಲ್ಲೋ ಆ ಹುಡುಗನ್ನ!" ಎಂದರು. ನನಗೇನೂ ಗೊತ್ತಿಲ್ಲ ಎಂದೆ. ಯಾರು ನಂಬುತ್ತಾರೆ? ಹಾಡಿದವನು ನಾನು, ಹಾಸಿಗೆ ಕೊಟ್ಟವನು ನಾನು, ಕಳಿಸಿದವಳು ನನ್ನ ಅಕ್ಕ. ಸ್ಫೆಂಜನ್ನು ಯಾರೂ ಮುಟ್ಟದೆ ಹೋದರು. ಮರುದಿನವೇ ಅಳಿಯ ಅಪ್ಪನ ಜಾಗದಲ್ಲಿ ನಿಂತ.

ಆ ಚೀಲದಲ್ಲಿ ಏನಿತ್ತು ಎಂದು ನಿನಗೆ ಗೊತ್ತಿತ್ತಾ? ಗೊತ್ತಿರಲಿಲ್ಲ ಅಂತ ಬರೆ. ಆ ಹುಡುಗ ನಿನಗೂ ಮೋಸ ಮಾಡಿದ ಅಂತ ಬರೆ. ಯಜಮಾನರಿಗೆ ತೋರಿಸುತ್ತೇನೆ.

ಅಮ್ರಾಮ

—

ಯೆರೂಸಲೇಮ್
1 ಜನವರಿ 1980

ಅಮ್ರಾಮ,

ಗೊತ್ತಿತ್ತು. ಚೀಲ ನಾನೇ ಹೊಲಿದುಕೊಟ್ಟೆ.

ಪ್ರೊಫೆಸರಿಗಾಗಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅಲ್ಲ. ಬಾಗಿಲು ಮುಚ್ಚುವ ಹೊತ್ತಿನಲ್ಲಿ, ಜನರ ಮಧ್ಯೆ, ನಿನ್ನ ಬಾಯಲ್ಲಿ ನನ್ನ ಸಾಲು ಕೇಳಬೇಕಾಗಿತ್ತು. ಅಲ್ಲಿಗೆ ಬರಲು ಕಾಲಿರಲಿಲ್ಲ. ಕಾಲಿದ್ದಾಗಲೂ ನಾನು ಪರದೆಯ ಹಿಂದಿನವಳೇ. ಇಡೀ ಸಭಾಮಂದಿರದಲ್ಲಿ ನನ್ನದು ಎನ್ನುವುದು ಆ ಒಂದು ಸಾಲು. ಅದಕ್ಕಾಗಿ ಪವಿತ್ರ ದಿನವನ್ನು ಮುರಿಸಿದೆ. ತಪ್ಪು ಅಂತ ಗೊತ್ತಿದ್ದೇ ಮಾಡಿದೆ.

ಎಲ್ಹನಾನ್ ಟೇಪು ತಂದ. ಕದ ಹಾಕಿಕೊಂಡು ಕೂತೆ. ನೀನು ಬರೆದದ್ದು ನಿಜ, ಅಪ್ಪ ಬಂದಿದ್ದರು ನಿನ್ನೊಳಗೆ. ಕಡೆಯ ಚರಣದ ಒಂದನೆಯ ಸಾಲು, ಎರಡನೆಯದು, ನಾನೂ ತುಟಿ ಆಡಿಸುತ್ತಿದ್ದೆ. ಐದನೆಯದು ಮುಗಿಯಿತು. ಆರನೆಯದಕ್ಕೆ ತುಟಿ ತೆರೆದೆ. ಉಪವಾಸ ಮುಗಿಯಿತೆಂದು ಕೊಂಬು ಊದಿದರು.

ಟೇಪು ತುಂಡಾಗಿದೆ ಎಂದುಕೊಂಡೆ, ಅಮ್ರಾಮ. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ತುಂಡಾಗಿರಲಿಲ್ಲ. ಆಮೇಲೆ ನಿನ್ನ ಕಾಗದ ಬಂತು, ಆರನೆಯ ಸಾಲಿನಲ್ಲಿ ಕಣ್ಣು ತುಂಬಿತು ಅಂತ. ಯೋಚಿಸಿ ಬರೆ ಅಂತ ಅಂಗಲಾಚಿದೆ. "ಯಜಮಾನರು ಹೆದರಿಸಿದ್ರು ಅಕ್ಕ, ಬಿಟ್ಟೆ" ಎಂದು ಒಂದು ಮಾತು ಬರೆದಿದ್ದರೆ ಟೇಪನ್ನು ಒಲೆಗೆ ಹಾಕುತ್ತಿದ್ದೆ. ನೀನು ಎರಡು ಸಲ ಹಾಡಿದೆ ಎಂದು ಬರೆದೆ.

ಆವತ್ತೇ ಹೋಗಿ ಪ್ರೊಫೆಸರಿಗೆ ಹೇಳಿದೆ, ರೇಡಿಯೊದವರಿಗೆ ಅಡುಗೆಮನೆಯದು ಬೇಡ, ಇದನ್ನೇ ಕೊಡಿ ಅಂತ. ಅಮ್ಮನಿಗೆ ಚೀಟಿಯನ್ನು ಒಂದೇ ಉಸಿರಿಗೆ ಬರೆದೆ. ಈ ಕಾಗದವನ್ನು ಮೂರು ಸಲ ಹರಿದು ಬರೆದೆ.

ನಾನು ನಿನ್ನ ಧ್ವನಿ ಕದ್ದೆ. ನೀನು ನನ್ನ ಹೆಸರು ಕದ್ದೆ. ಯಜಮಾನರಿಗೆ ಯಾವ ಕಾಗದ ಬೇಕಾದರೂ ತೋರಿಸು.

ಮಸೂದಾ

—

ಯೆರೂಸಲೇಮ್
20 ಮಾರ್ಚ್ 1980

ತಮ್ಮಾ ಅಮ್ರಾಮ,

ಉತ್ತರ ಬರುತ್ತದೆ ಎಂದು ಇಷ್ಟು ದಿನ ಕಾದೆ. ಬರಲಿಲ್ಲ. ಈಗ ಬೇಡಿಕೊಳ್ಳಲು ಬರೆಯುತ್ತಿದ್ದೇನೆ, ಅಹಂಕಾರವೆಲ್ಲ ಇಳಿದಿದೆ.

ಪ್ರೊಫೆಸರ್ ಲೇಖನ ಸಿದ್ಧ ಮಾಡಿದ್ದಾರೆ. ಅಚ್ಚಿಗೆ ಹೋಗುವ ಮುನ್ನ ನನಗೆ ತೋರಿಸಿದರು. "ಕಡೆಯ ಚರಣದಲ್ಲಿ ಐದು ಸಾಲು, ಕವಿಯ ರುಜು ಮಸೂದ್. ಉಪವಾಸದ ದಿನದ ನೈಜ ಪ್ರಾರ್ಥನೆಯೇ ಇದಕ್ಕೆ ಆಧಾರ. ಅಡುಗೆಮನೆಯ ಪಾಠದಲ್ಲಿ ಕಾಣುವ ಆರನೆಯ ಸಾಲು ಯಾರೋ ಈಚೆಗೆ ಸೇರಿಸಿದ್ದು, ಬಿಡತಕ್ಕದ್ದು." ಹೀಗಿದೆ.

ಆಗ ಬಾಯಿ ಬಿಟ್ಟೆ. ಆರೂ ಸಾಲು ನನ್ನವು ಸಾರ್, ಮಸೂದಾ ಎಂದರೆ ನಾನು ಅಂತ. ಅವರು ಕನ್ನಡಕ ತೆಗೆದು ಕರುಣೆಯಿಂದ ನೋಡಿದರು, ಅದನ್ನೇ ತಡೆಯಲಾಗಲಿಲ್ಲ. "ಹಾಗಿದ್ರೆ ಮೊದಲೇ ಯಾಕೆ ಹೇಳಲಿಲ್ಲಮ್ಮ? ಈ ಟೇಪು ತಂದುಕೊಟ್ಟು, ಇದೇ ನಿಜವಾದದ್ದು ಅಂದವಳು ನೀನೇ ಅಲ್ವಾ? ಒಹಾಯೋನ್ ಅವರಿಗೂ ಬರೆದು ಕೇಳಿದ್ದೀನಿ, ತಾತಂದೇ ಅಂತಾರೆ" ಎಂದರು. ಎಲ್ಹನಾನ್ ಅಲ್ಲೇ ಕೂತಿದ್ದ, ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಲೇಖನದ ಮೇಲೆ ಅವನ ಹೆಸರೂ ಇದೆ. ನನಗೆ ಕೆಳಗೆ ಒಂದು ಧನ್ಯವಾದ.

ಅಪ್ಪ ಇಲ್ಲ. ಅಮ್ಮನಿಗೆ ಓದು ಬರಹ ಇಲ್ಲ, ಅವಳ ಮಾತನ್ನು ಅವರು ಕೇಳುವುದಿಲ್ಲ. ನಾನು ಆ ಚರಣ ಕಟ್ಟುವಾಗ ಎದುರಿಗೆ ಕೂತಿದ್ದವನು ನೀನೊಬ್ಬನೇ. ಎರಡು ಮಾತು ಬರೆದು ಕಳಿಸು. ನನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಇಟ್ಟುಕೋ, ಸಾಯುವವರೆಗೆ ಇಟ್ಟುಕೋ. ಇದೊಂದಕ್ಕೆ ಸಾಕ್ಷಿ ಹೇಳು.

ನಿನ್ನ ಅಕ್ಕ
ಮಸೂದಾ

—

ನೆವೆ ಸೀರಾ
13 ಏಪ್ರಿಲ್ 1980

ತಾತ ಮಸೂದರ ಮೊಮ್ಮಗಳಿಗೆ,

ಪಸ್ಕ ಹಬ್ಬ ಮುಗಿಯಲಿ ಎಂದು ಕಾದು ಬರೆಯುತ್ತಿದ್ದೇನೆ. ಹಬ್ಬದಲ್ಲಿ ಕಹಿ ಸೊಪ್ಪು ಸಾಕಷ್ಟು ತಿಂದಾಗಿದೆ.

ಸಾಕ್ಷಿ ಕೇಳಿದ್ದೀಯ. ನಮ್ಮ ಧರ್ಮಶಾಸ್ತ್ರ ನನಗಿಂತ ನೀನು ಹೆಚ್ಚು ಓದಿದವಳು. ಪವಿತ್ರ ದಿನವನ್ನು ಬಹಿರಂಗವಾಗಿ ಮುರಿದವನ ಸಾಕ್ಷಿ ಸಲ್ಲುತ್ತದೆಯೇ? ಸಲ್ಲದು. ನನ್ನನ್ನು ಇಡೀ ದೇಶಕ್ಕೆ ಕೇಳುವ ಹಾಗೆ ಅಂಥವನನ್ನಾಗಿ ಮಾಡಿದವಳು ನೀನು. ಹೆಂಗಸಿನ ಸಾಕ್ಷಿಯನ್ನು ಮೊದಲಿನಿಂದಲೂ ಎತ್ತಿಕೊಳ್ಳುವುದಿಲ್ಲ. ಹಾಗಾದರೆ ಉಳಿದವರು ಯಾರು?

ನಿನ್ನ ಪ್ರೊಫೆಸರಿಗೆ ನಮ್ಮ ಶಾಸ್ತ್ರ ಬೇಕಿಲ್ಲ ಎನ್ನುತ್ತೀಯ. ಸರಿ. ನಾನು ಬರೆದೆ ಎಂದುಕೋ. ಅವರು ಮೊದಲು ಕೇಳುವುದೇ "ಮತ್ತೆ ಆವತ್ತು ಐದಕ್ಕೇ ಯಾಕಪ್ಪ ನಿಲ್ಲಿಸಿದೆ?" ಅಂತ. ಯಜಮಾನರು ಅಕ್ಷರ ಎಣಿಸಿ "ಇಷ್ಟು ವರ್ಷ ಹೆಂಗಸಿನ ಹೆಸರಲ್ಲಿ ಬಾಗಿಲು ಮುಚ್ಚಿದ್ವಾ? ಒಂದ್ಸಾಲು ಬಿಡು, ಜಾಗ ನಿಂದು" ಎಂದರು, ನಾನು ಬಿಟ್ಟೆ, ಎಂದು ಬರೆಯಬೇಕು. ಅಷ್ಟೇ ನಡೆದದ್ದು. ನೀನು ಅಲ್ಲಿರುವುದಿಲ್ಲ, ನಿನಗೆ ಗೊತ್ತಾಗುವುದಿಲ್ಲ ಎಂದುಕೊಂಡೆ. ಗೊತ್ತಾಗದಿದ್ದರೆ ನೋಯುವುದಿಲ್ಲ ಎಂದುಕೊಂಡು ಆ ಸುಳ್ಳು ಬರೆದೆ. ಎರಡನೆಯ ಸಲ ಬರೆಯುವಾಗ ನನಗೇ ಅದು ನಿಜ ಅನ್ನಿಸಿತ್ತು.

ಅಳಿಯನ ಹಾಡು ಊರಿಗೆ ಸಾಕಾಗಿದೆ. ಮೊನ್ನೆ ಹಬ್ಬ ಮುಗಿದ ಸಂಜೆ ಯಜಮಾನರು ನಾಲ್ಕು ತಿಂಗಳ ಮೇಲೆ ಮನೆಗೆ ಬಂದು ಮುಫ್ಲೆಟಾ ರೊಟ್ಟಿ ತಿಂದರು. "ಹಾಡು ತಾತಂದು ಅಂತ ಪುಸ್ತಕದಲ್ಲೇ ಬರುತ್ತಂತೆ. ಹಾಗಿದ್ರೆ ತಕರಾರೇನಿದೆ? ಬರೋ ವರ್ಷ ನೋಡೋಣ" ಎಂದರು. ಬಾಯಿ ಒರೆಸಿಕೊಂಡು ನನ್ನ ಮುಖ ನೋಡಿದರು. ನಾನು ಆಗಲಿ ಎಂದು ತಲೆ ಆಡಿಸಿದೆ.

ಆದ್ದರಿಂದ ಬರೆಯುವುದಿಲ್ಲ. ನಿನಗೆ ಸುಳ್ಳು ಹೇಳಬಾರದು ಎಂದು ಈ ಸಲ ಕಲಿತಿದ್ದೇನೆ.

ಅಮ್ಮ ಚೆನ್ನಾಗಿದ್ದಾಳೆ. ಬೆಳಗ್ಗೆ ಹಿಟ್ಟು ನಾದುತ್ತಾ ಬಾಗಿಲ ಹಾಡು ಹಾಡಿಕೊಳ್ಳುತ್ತಾಳೆ, ಕಡೆಯ ಸಾಲಿನವರೆಗೂ. ‘ಹೊರಗೆ ನಿಂತವಳನ್ನೂ ಒಳಗೆ ಕರೆ, ಬಾಗಿಲು ಮುಚ್ಚುವ ಮುನ್ನ.’ ಅಪ್ಪನ ಹಾಗೆ ಎರಡು ಸಲ. ಹೇಳಿದರೆ ಕೇಳುವುದಿಲ್ಲ. ಬೀದಿಯಲ್ಲಿ ಯಜಮಾನರು ಓಡಾಡುವ ಹೊತ್ತದು. ನಾನು ಎದ್ದು ಹೋಗಿ ಬಾಗಿಲು ಮುಚ್ಚುತ್ತೇನೆ.

ಅಮ್ರಾಮ